ಗವಿಯೊಳಗೆ ಅಣ್ಣ ಆಡಿದ ಮಾತು

ಅಣ್ಣ ನನ್ನ ಜೊತೆ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಅವನ ರೇಷ್ಮೆಹುಳುಗಳು ಹಣ್ಣಾಗಿ, ಇನ್ನೇನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು ಎನ್ನುವಾಗ ಸತ್ತುಹೋಗಿದ್ದವು. ಪಕ್ಕದ ನನ್ನ ಅವರೆ ಹೊಲಕ್ಕೆ ಹೊಡೆದ ಔಷಧಿ ಗಾಳಿಯಲ್ಲಿ ಬಂದು ಅವನ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿತ್ತು ಎಂಬುದು ಅವನ ದೂರು. ಆ ವಾರ ನಾನು ಔಷಧಿ ಪಂಪನ್ನು ಮುಟ್ಟಿಯೇ ಇರಲಿಲ್ಲ. ಹಾಗಾದರೆ ಕೆಂಗಲ್ ಆಂಜನೇಯನ ಮುಂದೆ ಉರಿಯುವ ಕರ್ಪೂರ ಆರಿಸಿ ಆಣೆ ಮಾಡು ಎಂದ. ಒಡಹುಟ್ಟಿದವನ ಮಾತು ಸಾಲದೆ ಕರ್ಪೂರ ಬೇಕಾಯಿತೇ ಎಂದು ನನಗೆ ಸಿಟ್ಟು ನೆತ್ತಿಗೇರಿತು. ನಾನು ಹೋಗಲಿಲ್ಲ. ಅವನೇ ಹೋಗಿ, ಇನ್ನು ಜನ್ಮದಲ್ಲಿ ನನ್ನ ಜೊತೆ ಮಾತಾಡುವುದಿಲ್ಲ ಎಂದು ಕರ್ಪೂರ ಆರಿಸಿ ಬಂದ.

ರಾಮನಗರದಲ್ಲಿ ಟೀಚರ್ ಆಗಿರುವ ನಮ್ಮ ತಂಗಿಗೆ ಇದನ್ನು ನೋಡಲಾಗಲಿಲ್ಲ. ಆಂಧ್ರದ ಕಡೆ ದೊಡ್ಡ ಸುಣ್ಣಕಲ್ಲಿನ ಗವಿ ಇದೆ, ಗೈಡ್ ಒಳಗೆಲ್ಲ ಕರೆದುಕೊಂಡು ಹೋಗಿ ತೆವಳಿಸುತ್ತಾನೆ ಎಂದು ಹೇಳಿ, ಮನೆಮಂದಿಗೆಲ್ಲ ಒಂದು ಟೆಂಪೋ ಟ್ರಾವೆಲರ್ ಗೊತ್ತು ಮಾಡಿದಳು. ನಾನು ಹೊರಟದ್ದು ಗವಿಯ ಆಸೆಗಲ್ಲ. ಬಂಡೆಗಳಿಗೆ ನಮ್ಮ ಕಡೆ ಏನು ಕೊರತೆ? ಅಣ್ಣ ಬರುತ್ತಾನೆ, ಹೇಗಾದರೂ ಒಂದು ಮಾತಾಡಿಯಾನು ಎಂದು ಹೋದೆ.

ಗವಿಯ ಬಾಯಲ್ಲಿ ದೀಪವಿರುವ ಹೆಲ್ಮೆಟ್ ಕೊಟ್ಟರು. ಒಳಗೆ ಮೊದಲು ಕಲ್ಯಾಣಮಂಟಪದಷ್ಟು ದೊಡ್ಡ ಜಾಗ. ಮೇಲಿನಿಂದ ಇಳಿಬಿದ್ದ ಸುಣ್ಣಕಲ್ಲಿನ ತುದಿಗಳಲ್ಲಿ ನೀರು ತೊಟ್ಟಿಕ್ಕುತ್ತಿತ್ತು. ಆಮೇಲೆ ಇಕ್ಕಟ್ಟು ಶುರುವಾಯಿತು. ಕಿಂಡಿ ದಾಟಿದವರು ಹಿಂದಿನವರನ್ನು ಕೂಗಬೇಕು, ಉತ್ತರ ಬಂದ ಮೇಲೆಯೇ ಮುಂದೆ ಹೋಗಬೇಕು ಎಂದು ಗೈಡ್ ಹೇಳಿದ್ದ. ತಂಗಿ ಬೇಕೆಂದೇ ನನ್ನನ್ನು ಅಣ್ಣನ ಹಿಂದೆ ನಿಲ್ಲಿಸಿದ್ದಳು. ಆದರೆ ನಮ್ಮ ಮಹಾನುಭಾವ ಕೂಗಿಯಾನೇ? ಕಲ್ಲೊಂದನ್ನು ಎತ್ತಿಕೊಂಡು ಗೋಡೆಗೆ ಬಡಿದ. ನಾನೂ ಬಡಿದೆ. ಹೀಗೆ ಎರಡು ಕಿಂಡಿ ದಾಟಿದೆವು.

ಮೂರನೆಯದರಲ್ಲಿ ನಾನು ಸಿಕ್ಕಿಕೊಂಡೆ. ಎದೆ ಕಲ್ಲಿನ ನಡುವೆ, ಕೈ ಮೈಯ ಕೆಳಗೆ. ಅಣ್ಣ ಬಡಿದದ್ದು ಕೇಳಿಸಿತು. ತಿರುಗಿ ಬಡಿಯಲು ಕೈ ಆಡುತ್ತಿರಲಿಲ್ಲ, ಕೂಗಲು ಉಸಿರಿರಲಿಲ್ಲ. ಇನ್ನೊಮ್ಮೆ ಬಡಿದ. ಆಮೇಲೆ ಕಲ್ಲು ಕೆಳಗೆ ಬಿದ್ದ ಸದ್ದು.

“ಲೇ, ಎಲ್ಲಿದ್ದೀಯ್ಲಾ? ಮಾತಾಡ್ಲಾ.”

ಅವನ ಬೆಳಕು ಹಿಂದಕ್ಕೆ ತಿರುಗಿತು. ಕೈ ಚಾಚಿ ನನ್ನ ಅಂಗಿಯ ಕೊರಳುಪಟ್ಟಿ ಹಿಡಿದುಕೊಂಡ.

“ಹೆದರ್ಕಬೇಡ. ಒಸಿ ಉಸುರು ಬುಡು, ಎಳೀತೀನಿ. ನಾನಿವ್ನಿ ಕಣ್ಲಾ.”

ಎಳೆದು ಹಾಕಿದ. ನನ್ನ ಮೊಣಕೈ ತರಚಿ ರಕ್ತ ಬರುತ್ತಿತ್ತು, ಮನಸ್ಸಿನಲ್ಲಿ ಮಾತ್ರ ಹಿಡಿಸಲಾರದಷ್ಟು ಹಿಗ್ಗು. ಆ ವಯಸ್ಸಿನಲ್ಲಿ, ಆ ಕತ್ತಲಲ್ಲಿ ಅತ್ತೂಬಿಟ್ಟೆ. ಹೊರಗೆ ಬರುವವರೆಗೂ ಅವನು ನನ್ನ ತೋಳು ಬಿಡಲಿಲ್ಲ.

ಬಿಸಿಲಿಗೆ ಬಂದ ಮೇಲೆ ಮತ್ತೆ ಅವನ ಬಾಯಿಗೆ ಬೀಗ. ಎಲ್ಲರೆದುರು ಮುಜುಗರವಿರಬೇಕು, ಊರು ತಲುಪಿದ ಮೇಲೆ ನಾನೇ ಅವನ ಮನೆಗೆ ಹೋದರಾಯಿತು ಎಂದುಕೊಂಡೆ. ಹೋಗಿ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡೆ.

ಮರುದಿನ ಬೆಂಗಳೂರು ದಾಟಿ ಕೆಂಗಲ್ ಹತ್ತಿರ ಬಂದಾಗ ಅಣ್ಣ ಗಾಡಿ ನಿಲ್ಲಿಸಲು ಹೇಳಿದ. ಒಬ್ಬನೇ ಇಳಿದು ದೇವಸ್ಥಾನದ ಕಡೆ ನಡೆದ. ಆಣೆ ಬಿಡಿಸಿಕೊಳ್ಳಲು ಹೊರಟಿದ್ದಾನೆ, ಜೊತೆಗೆ ನಾನೂ ಇರಬೇಕು ಎಂದು ಮೂರ್ಖನ ಹಾಗೆ ಎದ್ದೆ. ಅತ್ತಿಗೆ ಕೈ ಅಡ್ಡ ಇಟ್ಟರು.

“ನೀ ಹೋಗ್ಬೇಡ ಕಣಪ್ಪ. ಗವಿ ಒಳ್ಗೆ ಬಾಯ್ತಪ್ಪಿ ನಿನ್ನ ಮಾತಾಡುಸ್ಬುಟ್ರಲ್ಲ, ಅದ್ಕೆ ತಪ್ಪುಕಾಣಿಕೆ ಹಾಕಕ್ಕೆ ಹೋಗವ್ರೆ. ಆಣೆ ಮುರುದ್ಬುಟ್ಟೆ ಅಂತ ರಾತ್ರಿಯೆಲ್ಲ ನಿದ್ದೆ ಮಾಡ್ಲಿಲ್ಲ.”

ಕೂತೆ. ಆ ಕಿಂಡಿಯಲ್ಲಿ ಇನ್ನಷ್ಟು ಹೊತ್ತು ಸಿಕ್ಕಿಕೊಂಡಿದ್ದರೆ ಇನ್ನೂ ನಾಲ್ಕು ಮಾತು ಕೇಳಬಹುದಿತ್ತು ಎನ್ನಿಸಿತು. ಅಣ್ಣ ಹಣೆಗೆ ಸಿಂಧೂರ ಇಟ್ಟುಕೊಂಡು, ಭಾರ ಇಳಿಸಿದವನ ಮುಖ ಹೊತ್ತು ಬಂದ. ಎಲ್ಲರಿಗೂ ಪ್ರಸಾದ ಹಂಚುತ್ತಾ ಬಂದು ನನ್ನ ಸೀಟು ದಾಟಿ ಹಿಂದಕ್ಕೆ ಹೋದ. ನನ್ನನ್ನು ಹೊರಗೆಳೆದದ್ದಕ್ಕಲ್ಲ, ಕರೆದದ್ದಕ್ಕೆ ಅವನು ದೇವರಲ್ಲಿ ಕ್ಷಮೆ ಕೇಳಿ ಬಂದಿದ್ದ.