ನೀಲಿಯಲ್ಲಿ ಅದ್ದಿದ ಪುರಾವೆ

ಕಪಾಟು ಸ್ವಚ್ಛ ಮಾಡುವಾಗ ಒಣಗಿದ ನೀಲಿಯ ಶೀಶೆಯೊಂದು ಸಿಕ್ಕಿತು. ಬಿಳಿ ಬಟ್ಟೆಗೆ ಹಾಕುವ ಈ ನೀಲಿಯನ್ನು ಕಂಡರೆ ನನಗೆ ಇಂದಿಗೂ ನಾಚಿಕೆ. ಕಾರಣ ಹೇಳುತ್ತೇನೆ, ನಗಬೇಡಿ.

ಎಂಬತ್ತರ ದಶಕದ ಮೊದಲಲ್ಲಿ ಉಡುಪಿಯಿಂದ ಮದುವೆಯಾಗಿ ಮುಂಬಯಿ ಬಳಿಯ ಡೊಂಬಿವ್ಲಿಯ ಸಾಲುಕೋಣೆಗಳ ಚಾಳಿಗೆ ಬಂದ ನನಗೆ ಕನ್ನಡದ ಮಾತಿಗೆ ಸಿಕ್ಕವರು ಪಕ್ಕದ ಖೋಲಿಯ ಶಾರದಕ್ಕ, ಧಾರವಾಡದವರು. ಗಂಡನ ಹಳೆಯ ಧೋತರವನ್ನು ಅಂಗೈಯಗಲ ಹರಿದು, ದಿನಕ್ಕೊಂದು ತುಂಡನ್ನು ಗ್ಯಾಲರಿಯ ತಂತಿಗೆ ಕಟ್ಟುತ್ತಿದ್ದರು. ಸಂಜೆ ಬಿಚ್ಚಿ, ಶಾಯಿಯಲ್ಲಿ ತಾರೀಖು ಬರೆದು ಬಿಸ್ಕಿಟ್ ಡಬ್ಬಿಗೆ ಹಾಕುತ್ತಿದ್ದರು. ಕಾರ್ಖಾನೆಗಳ ಕಡೆಯಿಂದ ಗಾಳಿ ಬೀಸಿದ ದಿನ ತುಂಡು ಹಳದಿ, ಉಳಿದ ದಿನ ಬಿಳಿ. ನಮ್ಮ ಕಡೆ ಬಿಡುವಿದ್ದವರು ಮಲ್ಲಿಗೆ ಕಟ್ಟುತ್ತಾರೆ, ಇವರು ಚಿಂದಿ ಕಟ್ಟುತ್ತಾರೆ ಎಂದುಕೊಂಡಿದ್ದೆ.

ಅವರ ಮಗಳು ಸುಮಾ ಕೆಮ್ಮಿ ಕೆಮ್ಮಿ ಕೊನೆಗೆ ಧಾರವಾಡದ ಅಜ್ಜಿಯ ಮನೆ ಸೇರಿದ್ದಳು. ಗಾಳಿ ಅಳೆಯುವ ಯಂತ್ರವನ್ನು ಎಲ್ಲಿಡಬೇಕೆಂದು ತೀರ್ಮಾನಿಸುವ ಕಚೇರಿಯವರು, ನಿಮ್ಮ ಓಣಿಗೇ ಏಕೆ, ಪುರಾವೆ ಕೊಡಿ ಎಂದಿದ್ದರು.

"ಮಷಿನ್ ಬರ್ಲಿ, ಹೊಗಿ ಬಂದ್ ಆಗ್ಲಿ, ನನ್ನ ಕೂಸು ಮನಿಗೆ ಬರ್ತದ" ಎನ್ನುತ್ತಿದ್ದರು ಶಾರದಕ್ಕ.

ಆ ಕಚೇರಿಯ ಸಾಹೇಬರು ಬರುವ ಹಿಂದಿನ ದಿನ ಶಾರದಕ್ಕ, ಅವರಿಗೆ ತೋರಿಸಬೇಕಿದ್ದ ಡಬ್ಬಿಯನ್ನು ನನ್ನ ಬಳಿ ಬಿಟ್ಟು ಪಕ್ಕದ ಕಲ್ಯಾಣ ಊರಿಗೆ ಹೋದರು. ತೆರೆದು ನೋಡಿದೆ. ಸರಕಾರದವರ ಮುಂದೆ ಈ ಹೊಲಸನ್ನಿಡುವುದೇ? ಉಪಕಾರದ ಹುರುಪಿನಲ್ಲಿ ಒಂದು ವರ್ಷದ ಅಷ್ಟೂ ತುಂಡುಗಳನ್ನು ಸೋಪು ಹಚ್ಚಿ ತಿಕ್ಕಿ, ನೀಲಿಯಲ್ಲಿ ಅದ್ದಿ, ಇಸ್ತ್ರಿ ಮಾಡಿ ಜೋಡಿಸಿಟ್ಟೆ. ತಾರೀಖುಗಳೂ ನೀರಿಗೆ ಹೋದವು.

ಮರುದಿನ ಸಾಹೇಬರು ಡಬ್ಬಿ ತೆರೆದು, "ಬಾಯಿ, ಹೇ ತರ ಏಕದಮ್ ಸ್ವಚ್ಛ ಆಹೇ!" ಇದಂತೂ ಪೂರಾ ಸ್ವಚ್ಛವಾಗಿದೆಯಲ್ಲ ಎಂದು ಮರಾಠಿಯಲ್ಲಿ ನಕ್ಕರು. ಕೊಳೆಯೇ ಪುರಾವೆಯೆಂದು ನನಗೆ ಆಗ ಹೊಳೆಯಿತು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

"ನಾನೇ ತೊಳ್ದದ್ದು, ಅಕ್ಕ."

ಶಾರದಕ್ಕ ಬಯ್ಯಲಿಲ್ಲ. ಒಳಗೆ ಹೋಗಿ ಇನ್ನೂ ಉಡದ ಹೊಸ ಧೋತರ ತಂದು ಪರ್ರನೆ ಹರಿದರು. ಪೆನ್ನನ್ನು ನನ್ನ ಕೈಗಿತ್ತು, "ಇನ್ ಮ್ಯಾಲ ತಾರೀಖು ನೀನ ಬರಿಯವಾ" ಎಂದರು.

ಯಂತ್ರ ಬಂದದ್ದು ಇನ್ನೊಂದು ವರ್ಷದ ತುಂಡುಗಳನ್ನು ಕೊಟ್ಟ ಮೇಲೆ. ಹೊಗೆ ತಗ್ಗಿ, ಆಮೇಲೆ ಬಂದ ಸುಮಾ ಅಷ್ಟು ಕಾಲ ದೂರವಿದ್ದು ತಾಯಿಯ ಪಕ್ಕ ಮಲಗಲು ನಾಚಿದಳು. ತಾಯಿ ಮಗಳ ಆ ಒಂದು ವರ್ಷ ನಾನು ತೊಳೆದು ಹಾಕಿದ್ದು.

ಈಗ ಗಾಳಿಯ ವರದಿ ಕೊಡಲು ಸರಕಾರವೇ ಜನರನ್ನು ಮೊಬೈಲಿನಲ್ಲಿ ಕರೆಯುತ್ತಿದೆ. ನಾನೂ ಸೇರಲೆಂದು ತುಂಬುತ್ತಿದ್ದ ಅರ್ಜಿಯಲ್ಲಿ 'ಹಿಂದಿನ ಅನುಭವ' ಎಂಬ ಸಾಲನ್ನು ಖಾಲಿ ಬಿಟ್ಟಿದ್ದೆ. ಇಂದು ಶೀಶೆಯನ್ನು ಕಸಕ್ಕೆ ಹಾಕಿ ಬಂದು ತುಂಬಿದೆ: ಒಂದು ವರ್ಷದ್ದು ಅಳಿಸಿದ್ದೇನೆ, ಒಂದು ವರ್ಷದ್ದು ಬರೆದಿದ್ದೇನೆ.