ಕತ್ತಲಾದ ಮೇಲಿನ ತುತ್ತು

ನನ್ನ ಗಂಡನ ಕೈಯಲ್ಲಿ ಶಕ್ತಿ ಕಡಿಮೆಯಾಗುತ್ತಿದೆ ಎಂಬುದು ಮೊದಲು ಗೊತ್ತಾದದ್ದು ನಮ್ಮ ಎಮ್ಮೆಗೆ. ಇವರು ಹಿಂಡಲು ಕೂತರೆ ಅರೆಗಣ್ಣು ಮುಚ್ಚಿ ಮೆಲುಕು ಹಾಕುತ್ತ ನಿಲ್ಲುತ್ತಿದ್ದ ಪ್ರಾಣಿ ಆ ಬೇಸಿಗೆಯಲ್ಲಿ ಕಾಲು ಝಾಡಿಸತೊಡಗಿತು. ಅರ್ಧ ಹಿಂಡುವಷ್ಟರಲ್ಲಿ ಇವರ ಮುಷ್ಟಿ ಸೋಲುತ್ತಿತ್ತು, ಧಾರೆ ಎಳೆಯಾಗುತ್ತಿತ್ತು. ಅದು ಬೇಸತ್ತು ಉಳಿದ ಹಾಲನ್ನು ಕೊಡದೆ ನಿಂತುಬಿಡುತ್ತಿತ್ತು.

"ಎಮ್ಮಿಗೆ ಸೊಕ್ಕು ಬಂದೈತಿ," ಎಂದು ಇವರು ತಪ್ಪನ್ನು ಅದರ ಮೇಲೆಯೇ ಹಾಕಿದರು.

ನಾನೂ ನಂಬಿದೆ. ಆದರೆ ಒಂದು ಸಂಜೆ ಇವರು ಕುಕ್ಕರಗಾಲಿನಿಂದ ಏಳಲಾರದೆ, ಎಮ್ಮೆಯ ಹೊಟ್ಟೆಗೆ ಕೈಯೂರಿ ಎದ್ದದ್ದನ್ನು ಕಂಡೆ. ಯಾರಾದರೂ ನೋಡಿದರೋ ಎಂದು ಸುತ್ತ ಕಣ್ಣು ಹಾಯಿಸಿದರು. ನಾನು ಬಾಗಿಲ ಮರೆಗೆ ಸರಿದೆ. ಅವತ್ತಿನಿಂದ ಹಾಲು ಹಿಂಡುವ ಚರಿಗೆ ನನ್ನ ಕೈಗೆ ಬಂತು. ಹಿಂಡುವ ಕೆಲಸ ನನಗೆ ಹೊಸದಲ್ಲ, ಆದರೆ ಇವರಿಗೆ ಕೆಲಸವಿಲ್ಲದಿರುವುದು ಹೊಸದು. ಕಟ್ಟೆಯ ಮೇಲೆ ಕೂತು ನಾನು ಹಿಂಡುವುದರಲ್ಲಿ ತಪ್ಪು ಹುಡುಕುತ್ತಿದ್ದರು.

ಲಿವರ್ ಕೆಟ್ಟು ಗಟ್ಟಿಯಾಗಿದೆ ಎಂದು ಮಿರಜಿನ ಡಾಕ್ಟರು ಹೇಳಿ ಆಗಲೇ ವರ್ಷಗಳಾಗಿದ್ದವು. ಜನ್ಮದಲ್ಲಿ ಒಂದು ಹನಿ ಹೆಂಡ ಬಾಯಿಗೆ ಹಾಕದ ಮನುಷ್ಯ. ಸಕ್ಕರೆ ಕಾಯಿಲೆ, ಬೊಜ್ಜು ಎರಡೂ ಸೇರಿ ಮಾಡಿದ ಕೆಲಸ ಅದು ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ನಮ್ಮೂರು ಅಂಕಲಿಯ ಜನಕ್ಕೆ ಇದು ರುಚಿಸಲಿಲ್ಲ. ಜೈನರ ಮನೆಯ ಗಂಡಸಿಗೆ ಲಿವರ್ ಕೆಟ್ಟರೆ ಅದರಲ್ಲಿ ಏನೋ ಕಥೆ ಇರಲೇಬೇಕು. ನೆರೆಮನೆಯಾಕೆ ದನಿ ತಗ್ಗಿಸಿ, "ಕದ್ದು ಮುಚ್ಚಿ ಏನಾರ ಕುಡೀತಾರೇನ್ರಿ?" ಎಂದು ಕೇಳಿಯೇಬಿಟ್ಟಳು.

"ಹೌದ್ರಿ, ಕುಡೀತಾರ. ನಾ ಮಾಡಿದ ಚಹಾ," ಎಂದೆ. ಮುಂದೆ ಬಹಳ ದಿನ ಆಕೆ ಮೊಸರಿಗೆ ಹೆಪ್ಪು ಕೇಳಲು ಬರಲಿಲ್ಲ.

ನಮಗೆ ಮೋಸ ಮಾಡಿದ್ದು ಹೊಟ್ಟೆ. ಅದು ಮುಂದೆ ಬಂದಿತ್ತು. ಅಂಗಿಯ ಗುಂಡಿ ಬಿಗಿಯಾಗಿದ್ದರಿಂದ ಮೈ ತುಂಬಿಕೊಂಡಿದೆ ಎಂದೇ ಎಲ್ಲರೂ ತಿಳಿದೆವು. ತೂಕವೂ ಇಳಿದಿರಲಿಲ್ಲ. ಆದರೆ ಸ್ನಾನಕ್ಕೆ ನೀರು ತೋಡಿಕೊಡುವಾಗ ನೋಡಿದರೆ ತೊಡೆ ಒಣಗಿ ಕಡ್ಡಿಯಾಗಿತ್ತು, ಭುಜದ ಎಲುಬು ಎದ್ದು ಕಾಣುತ್ತಿತ್ತು. ಕಬ್ಬಿನ ಹೊರೆಯನ್ನು ಒಂದೇ ಏಟಿಗೆ ತಲೆಗೇರಿಸುತ್ತಿದ್ದ ತೋಳು ಅದು. ನೋಡಿ ನನಗೆ ಅಳು ಬಂತು. ಸೋಪಿನ ನೊರೆ ಕಣ್ಣಿಗೆ ಹೋಯಿತು ಎಂದು ಸುಳ್ಳು ಹೇಳಿದೆ.

ಮತ್ತೆ ಮಿರಜಿಗೆ ಹೋದೆವು. ಡಾಕ್ಟರು ಕೈಗೆ ಒಂದು ಹಿಡಿಕೆಯಂಥ ಯಂತ್ರ ಕೊಟ್ಟು ಹಿಚುಕಿಸಿದರು. ಕೈಯೂರದೆ ಕುರ್ಚಿಯಿಂದ ಏಳಿ ಎಂದರು. ಇವರು ಎರಡು ಸಲ ಎದ್ದು, ಮೂರನೆಯ ಸಲಕ್ಕೆ "ಕುರ್ಚಿ ಭಾಳ ತೆಗ್ಗ ಐತ್ರಿ" ಎಂದು ಅಲ್ಲೇ ಕೂತರು. ಡಾಕ್ಟರು ನಗಲಿಲ್ಲ. ಹೊಟ್ಟೆಯಲ್ಲಿ ತುಂಬಿರುವುದು ನೀರು, ಕರಗುತ್ತಿರುವುದು ಸ್ನಾಯು, ಅದಕ್ಕೇ ತೂಕದಲ್ಲಿ ತಿಳಿಯಲಿಲ್ಲ ಎಂದು ವಿವರಿಸಿದರು. ಹಗಲು ಉಂಡದ್ದರಲ್ಲಿ ಸ್ವಲ್ಪವನ್ನು ಲಿವರ್ ರಾತ್ರಿಗೆಂದು ಕೂಡಿಡುತ್ತದಂತೆ. ಇವರ ಲಿವರಿಗೆ ಆ ಶಕ್ತಿ ಇಲ್ಲ. ರಾತ್ರಿ ಹೊಟ್ಟೆ ಖಾಲಿ ಬಿಟ್ಟರೆ ಮೈ ತನ್ನ ಸ್ನಾಯುವನ್ನೇ ಕರಗಿಸಿಕೊಳ್ಳುತ್ತದೆ. ಹಗೇವಿನಲ್ಲಿ ಕೂಡಿಟ್ಟ ಕಾಳು ತೀರಿದ ಮನೆಯವರು ಬಿತ್ತನೆಯ ಬೀಜ ಕುಟ್ಟಿ ತಿಂದ ಹಾಗೆ ಎಂದು ನಾನು ಅರ್ಥ ಮಾಡಿಕೊಂಡೆ.

"ಉಪಾಶೀ ಝೋಪೂ ನಕಾ," ಎಂದು ಡಾಕ್ಟರು ಮರಾಠಿಯಲ್ಲಿ ಒತ್ತಿ ಹೇಳಿದರು. ಖಾಲಿ ಹೊಟ್ಟೆಯಲ್ಲಿ ಮಲಗಲೇಬಾರದು. ಕಾಳು, ಬೇಳೆ, ಹಾಲು ಚೆನ್ನಾಗಿ ತಿನ್ನಬೇಕು, ಬರೀ ಗಂಜಿಯ ಪಥ್ಯ ಬೇಡ. ಹಾಸಿಗೆ ಹಿಡಿಯದೆ ಓಡಾಡಬೇಕು. ಮಲಗುವ ಮುಂಚೆ ಹೊಟ್ಟೆಗೆ ಏನಾದರೂ ಗಟ್ಟಿಯಾದದ್ದು ಬೀಳಬೇಕು.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಒಲೆ ಹೊತ್ತಿಸುವುದಿಲ್ಲ. ಕತ್ತಲಲ್ಲಿ ಕಣ್ಣಿಗೆ ಕಾಣದ ಜೀವ ಅನ್ನದಲ್ಲಿ ಬಿದ್ದು ಸತ್ತೀತು ಎಂದು ಚಿಕ್ಕಂದಿನಲ್ಲೇ ತಾಯಿಯಿಂದ ಕಲಿತವಳು ನಾನು. ಇವರೂ ಮದುವೆಯಾದ ಹೊಸದರಲ್ಲೇ ಬಸದಿಯಲ್ಲಿ ರಾತ್ರಿ ಉಣ್ಣದ ನಿಯಮ ತೆಗೆದುಕೊಂಡಿದ್ದರು. ಔಷಧಿ, ನೀರು ಬಿಟ್ಟರೆ ಮುಂಜಾವಿನ ತನಕ ಬಾಯಿ ಬಂದ್.

"ನಿಯಮ ಮುರಿಯಾಂವಲ್ಲ ನಾ," ಎಂದು ಬಸ್ಸಿನಲ್ಲೇ ಘೋಷಿಸಿದರು. ಹೊತ್ತು ಮುಳುಗುವ ಮುಂಚೆಯೇ ಎರಡು ರೊಟ್ಟಿ ಹೆಚ್ಚು ಉಣ್ಣುತ್ತೇನೆ ಎಂದು ಚೌಕಾಶಿಗೆ ಇಳಿದರು. ಹಾಗೂ ಮಾಡಿ ನೋಡಿದೆವು. ನೀರು ತುಂಬಿದ ಹೊಟ್ಟೆಯಲ್ಲಿ ಹೆಚ್ಚಿನ ರೊಟ್ಟಿಗೆ ಜಾಗವೇ ಇರುತ್ತಿರಲಿಲ್ಲ. ಹಟ ಮಾತ್ರ ಎಲ್ಲಿ ಬೇಕಾದರೂ ಹಿಡಿಸುತ್ತಿತ್ತು. ನಾನು ಬೈದೆ, ಮುನಿಸಿಕೊಂಡೆ. ಒಂದು ದಿನ ಸಚಿವಾಲಯದ ಮುಂದೆ ಕೂತವರ ಹಾಗೆ ಅಡುಗೆಮನೆಯ ಹೊಸ್ತಿಲ ಮೇಲೆ ಧರಣಿಯನ್ನೂ ಕೂತೆ. ಅವರು ನನ್ನನ್ನು ದಾಟಿಕೊಂಡು ಹೋಗಿ ನೀರು ಕುಡಿದು ಮಲಗಿದರು. ಮನುಷ್ಯ ನನ್ನ ಕಣ್ಣೆದುರೇ ಕರಗುತ್ತಿದ್ದಾನೆ, ನನ್ನ ಒಲೆ ಆರಿ ಕೂತಿದೆ. ಆ ದಿನಗಳಲ್ಲಿ ನನಗಿದ್ದದ್ದು ಅದೊಂದೇ ಭಯ.

ಆ ವರ್ಷ ನಮ್ಮ ಬಸದಿಯಲ್ಲಿ ರಾಯಬಾಗದ ಕಡೆಯ ಒಬ್ಬ ಮಾತಾಜಿಯವರು ಚಾತುರ್ಮಾಸಕ್ಕೆ ಕೂತಿದ್ದರು. ಸನ್ಯಾಸಿನಿ, ವಯಸ್ಸಾದವರು, ಮಾತು ಮಾತ್ರ ನೇರ. ಅವರಿಂದಲೇ ಹೇಳಿಸೋಣ ಎಂದು ಇವರನ್ನು ಮೆಲ್ಲಗೆ ನಡೆಸಿಕೊಂಡು ಹೋದೆ. ವಂದಿಸಿ ಎಲ್ಲವನ್ನೂ ಹೇಳಿದೆ.

"ರಾತ್ರಿ ತಿನ್ನು ಅಂತ ನನ್ನ ಬಾಯಿಲೆ ಹ್ಯಾಂಗ ಹೇಳ್ಲಿ?" ಎಂದರು ಮಾತಾಜಿ. ಆಮೇಲೆ ಇವರ ಕಡೆ ತಿರುಗಿದರು. "ನೀ ಈ ನಿಯಮ ಯಾಕ ತಗೊಂಡಿ, ಅದನ್ನ ಹೇಳು."

ಇವರು ನೆಲ ನೋಡಿದರು. ಗುರುವಿನ ಎದುರು ಸುಳ್ಳು ಹೇಳಲಾಗದು.

"ಆಗ ನಾ ಕಬ್ಬಿಗೆ ನೀರು ಬಿಟ್ಟು ಕತ್ತಲಾದ ಮ್ಯಾಲ ಮನಿಗೆ ಬರ್ತಿದ್ನಿರಿ. ಇಕಿ ಅಷ್ಟೊತ್ತಿಗೆ ಉಂಡಿರತಿದ್ಲು. ಒಂದಿನ ಲಗೂ ಬಂದ್ನಿ. ಗ್ವಾಡಿ ಕಡೆ ಮಾರಿ ಮಾಡಿ ಒಬ್ಬಾಕೀನ ಕುಂತು ಉಣ್ಣಾಕತ್ತಿದ್ಲು. ಹೊಸಾ ಮದಿವಿ, ತವರು ಬಿಟ್ಟು ಬಂದಾಕಿ. ನನಗ ನೋಡಾಕ ಆಗ್ಲಿಲ್ಲರಿ. ಮರುದಿನಾನ ನಿಯಮ ತಗೊಂಡೆ. ಧರ್ಮಾ ಅಂತ ಅಲ್ಲರಿ ಮಾತಾಜಿ, ಇಕಿ ಜೋಡಿ ಉಣ್ಣಾಕ."

ನನ್ನ ಧರ್ಮಶ್ರದ್ಧೆ ಕಂಡು ಗಂಡ ದಾರಿಗೆ ಬಂದ ಎಂದು ತವರಿನಲ್ಲೆಲ್ಲ ಜಂಬ ಕೊಚ್ಚಿಕೊಂಡಿದ್ದೆ. ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತಿದ್ದದ್ದು ನನಗೆ ನೆನಪೂ ಇರಲಿಲ್ಲ.

ಮಾತಾಜಿ ನವಿಲುಗರಿಯ ಪಿಂಛಿಯನ್ನು ಮಡಿಲಲ್ಲಿಟ್ಟುಕೊಂಡು ನಕ್ಕರು. "ಹಂಗಾದ್ರ ನೀ ಮಾತು ಕೊಟ್ಟಿದ್ದು ಇಕಿಗೆ. ಬಿಡಿಸೂದಿದ್ರ ಇಕಿನ ಬಿಡಿಸಬೇಕು. ನನ್ನ ಯಾಕ ಕೇಳ್ತೀರಿ?"

ಮನೆಗೆ ಬರುವ ದಾರಿಯಲ್ಲಿ ಇವರು ಎರಡು ಕಡೆ ಕಟ್ಟೆ ಹಿಡಿದು ಕೂತು ದಣಿವಾರಿಸಿಕೊಂಡರು. ಅಷ್ಟು ದಿನ ಹಟ ಹಿಡಿದು ಕೇಳಿದ್ದೇ ನಾನು. ಈಗ ತೀರ್ಮಾನ ನನ್ನ ಕೈಗೇ ಬಂದಾಗ ಹೆದರಿಕೆಯಾಯಿತು. ಕತ್ತಲಾದ ಮೇಲೆ ಒಲೆ ಹೊತ್ತಿಸುವಾಗ ನನ್ನ ತಾಯಿ ಎಲ್ಲಿಂದಲೋ ನೋಡುತ್ತಿದ್ದಾಳೆ ಅನಿಸಿ ಕಡ್ಡಿ ಗೀರಲು ಕೈ ಏಳಲಿಲ್ಲ. ಆಮೇಲೆ ಆ ಒಣಗಿದ ತೊಡೆ ಕಣ್ಣ ಮುಂದೆ ಬಂತು. ಗೀರಿದೆ. ಹಾಲು ಬಿಸಿ ಮಾಡಿ, ಖಡಕ್ ರೊಟ್ಟಿ ಮುರಿದು ಹಾಕಿ, ಮೇಲೆ ಹುರಿಗಡಲೆಯ ಪುಟಾಣಿ ಹಿಟ್ಟು ಕಲಸಿ ಮುಂದಿಟ್ಟೆ.

"ಉಣ್ರಿ."

"ನೀ?"

"ನಾ ಉಣ್ಣೂದಿಲ್ಲ. ಆದ್ರ ನಿಮ್ಮ ಜೋಡಿ ಕುಂಡ್ರತೀನಿ."

"ಸುಮ್ನ ಕುಂಡ್ರತಿ?"

"ಸುಮ್ನ ಕುಂಡ್ರೂದು ನನಗ ಯಾವಾಗ ಬಂದೈತಿ?"

ಅದಕ್ಕೆ ನಕ್ಕರು. ನಕ್ಕ ಬಾಯಿಗೆ ಮೊದಲ ತುತ್ತು ಹೋಯಿತು. ಅರ್ಧ ಉಂಡು ತಟ್ಟೆ ಸರಿಸಿದರು. ಚಿಕ್ಕ ಮಗುವಿಗೆ ಕಾಗೆ ಗುಬ್ಬಿ ತೋರಿಸುವಂತೆ ಊರ ಸುದ್ದಿಯೆಲ್ಲ ಹೇಳಿ ಉಳಿದದ್ದನ್ನೂ ಉಣ್ಣಿಸಿದೆ.

ಅಲ್ಲಿಂದ ಅದೇ ರೂಢಿಯಾಯಿತು. ಕುರ್ಚಿಯಿಂದ ಎದ್ದು ಕೂರುವುದು, ಬಸದಿಯ ತನಕ ನಡೆಯುವುದು, ಮಲಗುವ ಮುಂಚೆ ನನ್ನ ಎದುರು ಕೂತು ಉಣ್ಣುವುದು. ಮಿರಜಿನ ಹಿಡಿಕೆಯ ಯಂತ್ರ ನಮ್ಮಲ್ಲೆಲ್ಲಿಂದ ಬರಬೇಕು? ಉಂಡಾದ ಮೇಲೆ ನನ್ನ ಎರಡು ಬೆರಳು ಮುಂದೆ ಚಾಚಿ, "ಹಿಂಡ್ರಿ" ಎನ್ನುತ್ತಿದ್ದೆ. ಎಮ್ಮೆಯ ಮೊಲೆ ಹಿಡಿದ ಹಾಗೆ ಹಿಡಿದು ಹಿಂಡುತ್ತಿದ್ದರು. ಮೊದಮೊದಲು ಹತ್ತಿ ಮುಟ್ಟಿದ ಹಾಗಿರುತ್ತಿತ್ತು. "ಹಾಲು ಬರ್ಲಿಲ್ಲರಿ," ಎಂದು ಛೇಡಿಸುತ್ತಿದ್ದೆ. "ಎಮ್ಮಿಗೆ ವಯಸ್ಸಾಗೈತಿ," ಎನ್ನುತ್ತಿದ್ದರು.

ಲಿವರ್ ಸರಿಹೋಗಲಿಲ್ಲ. ಅದು ಸರಿಹೋಗುವ ಜಾತಿಯದಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದಾರೆ. ಹೊಟ್ಟೆಯಲ್ಲಿ ನೀರು ಈಗಲೂ ತುಂಬುತ್ತದೆ, ಡಾಕ್ಟರು ಹೇಳಿದಂತೆ ಉಪ್ಪಿಲ್ಲದೆ ಮಾಡಿದ ಸಾರಿಗೆ ಈಗಲೂ ಜಗಳವಾಗುತ್ತದೆ. ಮಳೆಗಾಲ ಕಳೆದು ಚಳಿ ಬಿದ್ದಿತ್ತು. ಒಂದು ದಿನ ಉಂಡಾದ ಮೇಲೆ ಎಂದಿನಂತೆ ಬೆರಳು ಚಾಚಿದೆ. ಇವರು ಯಾವುದೋ ಮಾತಿನ ಗುಂಗಿನಲ್ಲಿ ಹಿಡಿದು ಹಿಂಡಿದರು.

"ಅಯ್ಯಯ್ಯೋ!" ಎಂದು ಚೀರಿದೆ. ಬೆರಳಿನ ಗೆಣ್ಣು ಲಟಕ್ಕೆಂದಿತು.

ಗಾಬರಿಯಾಗಿ ಕೈ ಬಿಟ್ಟರು. "ನೋತೇನ?"

ನನ್ನ ಕಣ್ಣಲ್ಲಿ ನೀರು ತುಂಬಿತ್ತು. ಈ ಸಲ ತಪ್ಪನ್ನು ಸೋಪಿನ ಮೇಲೆ ಹಾಕಲಿಲ್ಲ. ಬೆರಳನ್ನು ಮತ್ತೆ ಅವರ ಮುಂದೆ ಚಾಚಿದೆ.

"ನೋತ್ರಿ. ಇನ್ನೊಮ್ಮಿ ಹಿಂಡ್ರಿ."