ಬಿಳಿ ಬದಿಗೆ ತಿರುಗಿದ ಬಿಲ್ಲೆ

ಎವೆರೆಟ್ ಹಾಬ್ಸ್ ಮೇಷ್ಟ್ರು ಲೈಲ್ ಪೆಲ್ಕಿಯನ್ನು ಮೊದಲ ಸಲ ನೋಡಿದ್ದು ನೀರಿನೊಳಗಿಂದ. ಜೂನ್ ತಿಂಗಳಾದರೂ ಅಮೆರಿಕದ ಮೇನ್ ಸೀಮೆಯ ಉತ್ತರದ ಕಾಡಿನಲ್ಲಿ ಸರೋವರ ಕೊರೆಯುತ್ತಿತ್ತು. ಹುಡುಗರ ಬೇಸಿಗೆ ಶಿಬಿರಕ್ಕೆ ಮೇಲ್ವಿಚಾರಕರಾಗಿ ಬಂದವರು ಹುಡುಗರಿಗಿಂತ ಮೊದಲು ತಾವು ಈಜಿ ತೋರಿಸಬೇಕೆಂಬುದು ಅಲ್ಲಿನ ಕಟ್ಟಳೆ. ಅರ್ಧ ದಾರಿಯಲ್ಲಿ ಮೇಷ್ಟ್ರ ಕೈಕಾಲು ಸೋತವು. ಹಲಗೆಯ ಕಟ್ಟೆಯ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತಿದ್ದ ಲೈಲ್ ಉದ್ದನೆಯ ಗಳು ಚಾಚಿದ.

“ಹಿಡ್ಕೊಳ್ಳಿ ಮೇಷ್ಟ್ರೇ, ನಾಚ್ಕೋಬೇಡಿ. ನೀವೇ ಮುಳುಗಿಹೋದ್ರೆ ಮಕ್ಕಳು ಖುಷಿಯಾಗಿ ರಜಾ ತಗೋತಾರೆ.”

“ಇದು ನೀರಲ್ಲ ಕಣಯ್ಯಾ, ಮಂಜುಗಡ್ಡೆ!”

“ಇದು ಬೆಚ್ಚಗಾಗಿರೋದು. ಮೇ ತಿಂಗಳಲ್ಲಿ ಬರ್ಬೇಕಿತ್ತು ನೀವು.”

ಲೈಲ್ ಚಳಿಗಾಲವಿಡೀ ಕಾಡಿನಲ್ಲಿ ಮರ ಕಡಿಯುತ್ತಿದ್ದ. ಬೇಸಿಗೆಯಲ್ಲಿ ಶಿಬಿರದ ನೀರಿನ ಕಡೆಯ ಜವಾಬ್ದಾರಿಯೆಲ್ಲ ಅವನದು. ಅಲ್ಲಿ ಹಿರಿಯರನ್ನೆಲ್ಲ ಮಾಮ ಎಂದೇ ಕರೆಯಬೇಕಾಗಿದ್ದುದರಿಂದ ಅವನು ಹುಡುಗರಿಗೆ ಲೈಲ್ ಮಾಮ. ಕಟ್ಟೆಯ ಪಕ್ಕದಲ್ಲಿ ಒಂದು ಹಲಗೆ, ಅದರ ಮೊಳೆಗಳಲ್ಲಿ ಹುಡುಗನಿಗೊಂದರಂತೆ ಹೆಸರು ಬರೆದ ಮರದ ಬಿಲ್ಲೆ. ನೀರಿಗಿಳಿಯುವಾಗ ಹುಡುಗ ತನ್ನ ಬಿಲ್ಲೆಯನ್ನು ಕೆಂಪು ಬದಿಗೆ ತಿರುಗಿಸಬೇಕು. ಮೇಲೆ ಬಂದಾಗ ಬಿಳಿ ಬದಿಗೆ. ಎಲ್ಲರೂ ಹೊರಬಂದ ಮೇಲೂ ಒಂದು ಬಿಲ್ಲೆ ಕೆಂಪಾಗಿ ಉಳಿದರೆ ಕಹಳೆ ಊದಿ, ದೊಡ್ಡವರೆಲ್ಲ ಕೈಕೈ ಹಿಡಿದು ಸರೋವರ ಜಾಲಾಡಬೇಕು. ಬಹುತೇಕ ಆ ಮರೆಗುಳಿ ಗುಡ್ಡದ ಮೇಲೆ ಹಣ್ಣು ಕೀಳುತ್ತ ಸಿಗುತ್ತಿದ್ದ. ಅಂಥವನು ರಾತ್ರಿಯೂಟದ ಹೊತ್ತಿಗೆ ಬೆಂಚು ಹತ್ತಿ ಹುಂಜದ ಹಾಗೆ ಕೂಗಬೇಕು. ಉಳಿದವರು ಚಮಚದಿಂದ ಮೇಜು ಬಡಿಯಬೇಕು. ಹೆಚ್ಚಿನವರು ಕೂಗಿ, ತಾವೂ ನಕ್ಕು ಇಳಿಯುತ್ತಿದ್ದರು.

ಮೇಷ್ಟ್ರ ಉಸ್ತುವಾರಿಯ ಗುಡಿಸಲಿನಲ್ಲಿದ್ದ ವೆಂಡೆಲ್ ನಗಲಿಲ್ಲ. ಕೆಂಪು ಕೂದಲಿನ ಆ ಹುಡುಗ ಆ ಜುಲೈನಲ್ಲಿ ಮತ್ತೆ ಮತ್ತೆ ಬಿಲ್ಲೆ ಮರೆತ. ಕೊನೆಯ ಸಲ ಬೆಂಚಿನ ಮೇಲೆ ಅವನ ಬಾಯಿಂದ ದನಿಯೇ ಹೊರಡಲಿಲ್ಲ. ಕಣ್ಣೀರು ಧಾರೆಯಾಗಿ ಇಳಿಯಿತು. ಚಮಚಗಳು ನಿಲ್ಲಲಿಲ್ಲ.

“ಈ ಕೂಗಾಟ ಬಿಟ್ಬಿಡೋಣ, ಥೇಯರ್ ಮಾಮ,” ಎಂದ ಲೈಲ್ ಶಿಬಿರದ ಯಜಮಾನನಿಗೆ.

“ನಾನು ಕೂಗಿದೀನಿ, ನಮ್ಮಪ್ಪ ಕೂಗಿದ್ದ. ಏನು ಸತ್ಹೋದ್ವಾ?” ಎಂದ ಥೇಯರ್.

ಅದೇ ವಾರ ಒಂದು ಸಂಜೆ ಊಟದ ಗಂಟೆ ಹೊಡೆಯಿತು. ಹುಡುಗರು ಹೋ ಎಂದು ಗುಡ್ಡ ಹತ್ತಿದರು. ಲೈಲ್ ಹಲಗೆ ನೋಡಿದ. ವೆಂಡೆಲನ ಬಿಲ್ಲೆ ಕೆಂಪಾಗಿತ್ತು. ತಲೆಯೆತ್ತಿದರೆ ಮರಗಳ ನಡುವೆ ಒದ್ದೆಯಾದ ಕೆಂಪು ತಲೆಯೊಂದು ಮೇಲಕ್ಕೆ ಓಡುತ್ತಿತ್ತು. ‘ಮತ್ತೆ ಮರೆತನಲ್ಲ, ಪಾಪ’ ಎಂದುಕೊಂಡು ತಾನೇ ಬಿಲ್ಲೆಯನ್ನು ಬಿಳಿ ಬದಿಗೆ ತಿರುಗಿಸಿ, ದೋಣಿ ಕಟ್ಟಲು ಹೋದ. ವೆಂಡೆಲನ ಈಜಿನ ಜೊತೆಗಾರ ಕರ್ಟಿಸ್ ಗುಡ್ಡದಿಂದ ತಿರುಗಿ ಬಂದು ಹಲಗೆ ನೋಡಿದ; ಬಿಲ್ಲೆ ಬಿಳಿ; ಸಮಾಧಾನದಿಂದ ಊಟಕ್ಕೆ ಹೋದ.

ಊಟದ ಮೇಜಿನಲ್ಲಿ ಒಂದು ಜಾಗ ಖಾಲಿ ಉಳಿಯಿತು. ಗುಡ್ಡ ಹತ್ತಿದ ಕೆಂಪು ತಲೆ ಬೇರೊಬ್ಬ ಹುಡುಗನದಾಗಿತ್ತು. ವೆಂಡೆಲ್ ಸಿಕ್ಕಿದ್ದು ಈಜುವವರಿಗೆಂದು ನೀರಿನ ನಡುವೆ ಕಟ್ಟಿದ್ದ ತೆಪ್ಪದ ಅಡಿಯಲ್ಲಿ, ಹೆಣವಾಗಿ. ಮುಷ್ಟಿಯ ತುಂಬ ತಳದ ಜೇಡಿ ಇತ್ತು. ತಳ ಮುಟ್ಟಿ ಬಂದು ಆ ಜೇಡಿಯನ್ನು ಹಣೆಗೆ ಬಳಿದುಕೊಂಡವನೇ ಗಂಡಸು ಎಂಬುದು ಹುಡುಗರೊಳಗಿನ ಮಾತು.

ಮರುದಿನ ವೆಂಡೆಲನ ತಂದೆ ಬಂದರು. ಥೇಯರ್ ತನಗೆ ತೋಚಿದ್ದನ್ನು ಹೇಳಿದ: ಹುಡುಗ ತಾನೇ ಬಿಲ್ಲೆ ತಿರುಗಿಸಿ ಕದ್ದು ಮತ್ತೆ ನೀರಿಗಿಳಿದಿರಬೇಕು, ಇಲ್ಲವೇ ಜೊತೆಗಾರ ಸರಿಯಾಗಿ ನೋಡಿರಲಿಕ್ಕಿಲ್ಲ. ಜೊತೆಗಾರನನ್ನು ಬಿಟ್ಟು ನೀರಿನಿಂದ ಬರಬಾರದೆಂಬುದು ಶಿಬಿರದ ಮೊದಲ ಪಾಠ. ಮೇಷ್ಟ್ರು ಕರ್ಟಿಸನನ್ನು ಕೈಹಿಡಿದು ಕರೆತಂದರು. ಹುಡುಗ ಹಿಂದಿನ ಸಂಜೆಯಿಂದ ಒಂದು ತುತ್ತೂ ಮುಟ್ಟಿರಲಿಲ್ಲ.

“ಅವನನ್ನ ಬಿಟ್ಟು ಯಾಕೆ ಬಂದೆ ಮರಿ?” ಎಂದರು ತಂದೆ. ದನಿಯಲ್ಲಿ ಸಿಟ್ಟಿರಲಿಲ್ಲ.

“ಬಿಲ್ಲೆ ಬಿಳಿ ಇತ್ತು... ಇತ್ತು ಅನ್ಸುತ್ತೆ. ನಾನೇ ಸರಿಯಾಗಿ ನೋಡ್ಲಿಲ್ವೇನೋ.”

ಬಾಗಿಲಲ್ಲಿ ನಿಂತಿದ್ದ ಲೈಲ್ ಟೋಪಿ ತೆಗೆದ. ಸುಮ್ಮನಿದ್ದರೆ ಅವನ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ.

“ಸರಿಯಾಗೇ ನೋಡಿದೀಯ ಮಗಾ. ಬಿಳಿನೇ ಇತ್ತು. ತಿರುಗಿಸಿದ್ದು ನಾನು.”

“ಲೈಲ್, ಸುಮ್ಮನಿರು,” ಎಂದ ಥೇಯರ್.

“ಯಾಕೆ ತಿರುಗಿಸ್ದೆ?” ಎಂದರು ತಂದೆ.

“ಮತ್ತೆ ಬೆಂಚು ಹತ್ತಿಸ್ತಾರಲ್ಲ ಅಂತ.”

ತಂದೆಗೆ ಬೆಂಚಿನ ವಿಷಯವೇ ಗೊತ್ತಿರಲಿಲ್ಲ. ಯಾರೂ ವಿವರಿಸಲಿಲ್ಲ. ಅವರು ಮಗನ ಪೆಟ್ಟಿಗೆ ಎತ್ತಿಕೊಂಡು ಹೊರಟರು. ಲೈಲ್ ಒಂದು ಬದಿ ಹಿಡಿಯಲು ಹೋದಾಗ ಬೇಡವೆಂದು ತಲೆಯಾಡಿಸಿದರು.

ಅಂದೇ ಲೈಲನನ್ನು ಕಳುಹಿಸಿಬಿಟ್ಟರು. ಆ ಸೀಮೆಯ ಯಾವ ಶಿಬಿರವೂ ಮತ್ತೆ ಅವನನ್ನು ಕರೆಯಲಿಲ್ಲ. ಊರಿನವರಲ್ಲಿ ಕೆಲವರು ಮಾತು ಬಿಟ್ಟರು. ಮಾತಾಡಿಸಿದವರಿಗೂ ಅವನು ಹೆಚ್ಚು ಉತ್ತರ ಕೊಡುತ್ತಿರಲಿಲ್ಲ. ಮದುವೆಯ ಮಾತೊಂದು ನಡೆದಿತ್ತು. ಅದನ್ನು ಅವನೇ ನಿಲ್ಲಿಸಿದ. ಮೇಷ್ಟ್ರು ಮಾತ್ರ ಪ್ರತಿ ಶರತ್ಕಾಲದಲ್ಲಿ ಹೋಗಿ ಬರುತ್ತಾರೆ.

ಈಗ ಅವನಿಗೆ ಎಪ್ಪತ್ತು ದಾಟಿದೆ. ತಂಗಿಯ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಹಳೆಯ ದೋಣಿಗಳ ಆಸನಗಳಿಗೆ ಬೆತ್ತ ಹೆಣೆಯುತ್ತಾನೆ. ಕಳೆದ ಅಕ್ಟೋಬರಿನಲ್ಲಿ ಮೇಷ್ಟ್ರು ಹೋದಾಗ ಬೆತ್ತ ನೆನೆಹಾಕುತ್ತಿದ್ದ.

“ಕರ್ಟಿಸ್ ಸಿಕ್ಕಿದ್ದ ಕಣೋ. ಮೊಮ್ಮಗಳಿಗೆ ಈಜು ಕಲಿಸ್ತಿದಾನೆ.”

ಲೈಲನ ಕೈ ನಿಂತಿತು. “ಅವನೇ ಇಳೀತಾನಾ, ದಡದಲ್ಲಿ ನಿಂತು ಹೇಳ್ತಾನಾ?”

“ಅವನೇ ಇಳೀತಾನೆ. ಎದೆಮಟ್ಟ.”

“ಹೂಂ,” ಎಂದ ಲೈಲ್. “ಕೂತ್ಕೊಳ್ಳಿ ಮೇಷ್ಟ್ರೇ, ತಂಗಿ ಕಾಫಿ ಇಟ್ಟಿದಾಳೆ,” ಎಂದು ನೆನೆದ ಬೆತ್ತದ ತುದಿಯನ್ನು ಆಸನದ ತೂತಿಗೆ ಪೋಣಿಸಿ ಎಳೆದ.